ಯಾವ ಹ್ಯಾಮ್ಲೆಟ್? — ಅಂತರಜಾಲದಲ್ಲಿ ನಾಟಕವೊಂದರ ಶುದ್ಧ ಪಾಠವನ್ನು ಅರಸುವ ಬಗೆ

ಎಫ್. ಓ. ಮ್ಯಾಥಿಸನ್ ಅಮೆರಿಕದ ಸಾಹಿತ್ಯ ವಿಮರ್ಶಕರಲ್ಲಿ ದೊಡ್ಡ ಹೆಸರು ಪಡೆದವರು. 1941ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಅವರು ಹರ್ಮನ್ ಮೆಲ್ವಿಲ್ಲನ ‘ವೈಟ್ ಜ್ಯಾಕೆಟ್’ ಎಂಬ ಕಾದಂಬರಿಯ ಒಂದು ಪ್ರಸಂಗವನ್ನು ವಿವರಿಸಿದರು. ನಾವಿಕನೊಬ್ಬನು ಹಡಗಿನ ಎತ್ತರದಿಂದ ಜಾರಿ ಸಮುದ್ರಕ್ಕೆ ಬೀಳುತ್ತಾನೆ. ನೀರಿನ ಆಳದಲ್ಲಿ ಯಾವುದೋ ಮೀನೊಂದು ಅವನ ಮೈಯನ್ನು ಸೋಕಿ ಹೋಗುತ್ತದೆ. ಮ್ಯಾಥಿಸನ್ನರ ಕೈಯಲ್ಲಿದ್ದ ಪುಸ್ತಕದಲ್ಲಿ ಆ ಮೀನಿಗೆ ‘ಸಾಯ್ಲ್ಡ್’, ಎಂದರೆ ‘ಮಲಿನವಾದ’ ಎಂಬ ವಿಶೇಷಣವಿತ್ತು. ನಿರ್ಮಲವಾದ ಕಡಲಿನ ಜೀವಿಗೆ ಇಂಥ ಅನಿರೀಕ್ಷಿತ ವಿಶೇಷಣವನ್ನು ತೊಡಿಸಿದ ಲೇಖಕನ ಕಲ್ಪನಾಶಕ್ತಿಯನ್ನು ಅವರು ಮನಸಾರೆ ಮೆಚ್ಚಿ ಬರೆದರು. 1949ರಲ್ಲಿ ಮತ್ತೊಬ್ಬ ವಿದ್ವಾಂಸರು ಮೂಲ ಮುದ್ರಣಗಳನ್ನು ತೆರೆದು ನೋಡಿದಾಗ ಮೆಲ್ವಿಲ್ ಬರೆದಿದ್ದುದು ‘ಕಾಯ್ಲ್ಡ್’, ಎಂದರೆ ‘ಸುರುಳಿ ಸುತ್ತಿಕೊಂಡ’ ಎಂದು ತಿಳಿದುಬಂದಿತು. ಒಂದೇ ಒಂದು ಅಕ್ಷರದ ಪಲ್ಲಟ! ಹೊಗಳಿಕೆಯೆಲ್ಲವೂ ಅಚ್ಚುಕೂಟದ ಅಜಾಗರೂಕತೆಗೆ ಸಂದಿತು.

ಈ ಕಥೆಯನ್ನು ಇಲ್ಲಿ ಹೇಳಿದುದು ಆ ವಿಮರ್ಶಕರನ್ನು ಹಳಿಯುವುದಕ್ಕಲ್ಲ. ಅವರ ಬುದ್ಧಿ ಸೂಕ್ಷ್ಮವಾಗಿಯೇ ಇತ್ತು. ಆದರೆ ಕೈಯಲ್ಲಿದ್ದ ಪಾಠ ಕೆಟ್ಟಿತ್ತು. ಪ್ರಯೋಗಶಾಲೆಯಲ್ಲಿ ತಕ್ಕಡಿಯೇ ವಕ್ರವಾಗಿದ್ದರೆ ಎಂಥ ರಸಾಯನಶಾಸ್ತ್ರಜ್ಞನ ಲೆಕ್ಕವೂ ತಪ್ಪಿಹೋಗುತ್ತದೆ. ಸಾಹಿತ್ಯದ ವಿದ್ಯಾರ್ಥಿಗೆ ಅವನು ಓದುವ ಪಾಠವೇ ತಕ್ಕಡಿ. ಇಂದು ಆ ತಕ್ಕಡಿಯನ್ನು ಹೆಚ್ಚಿನ ವಿದ್ಯಾರ್ಥಿಗಳು ಅಂತರಜಾಲದಿಂದ ಪಡೆಯುತ್ತಾರೆ. ನಾಟಕದ ಹೆಸರನ್ನು ಟೈಪು ಮಾಡಿದೊಡನೆ ಲೆಕ್ಕವಿಲ್ಲದಷ್ಟು ಜಾಲತಾಣಗಳು ಸಾಲಾಗಿ ಬಂದು ನಿಲ್ಲುತ್ತವೆ. ಅವುಗಳಲ್ಲಿ ಯಾವುದನ್ನು ನಂಬಬೇಕು? ಏಕೆ ನಂಬಬೇಕು? ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಮೂರು ಮುಖಗಳ ನಾಟಕ

ಷೇಕ್ಸ್‌ಪಿಯರನು ತನ್ನ ಕೈಯಿಂದ ಬರೆದ ‘ಹ್ಯಾಮ್ಲೆಟ್’ ನಾಟಕದ ಹಸ್ತಪ್ರತಿ ಉಳಿದಿಲ್ಲ. ನಮಗೆ ದೊರೆತಿರುವುದೆಲ್ಲವೂ ಅಚ್ಚಾದ ಪ್ರತಿಗಳು. ಅವೂ ಒಂದೇ ಬಗೆಯವಲ್ಲ. ಮೊದಲನೆಯದು 1603ರಲ್ಲಿ ‘ಕ್ವಾರ್ಟೊ’ ಎಂಬ ಸಣ್ಣ ಆಕಾರದಲ್ಲಿ ಅಚ್ಚಾಯಿತು. ಒಂದು ದೊಡ್ಡ ಹಾಳೆಯನ್ನು ಎರಡು ಸಲ ಮಡಿಸಿ ನಾಲ್ಕು ಎಲೆಗಳನ್ನಾಗಿ ಮಾಡಿದರೆ ಈ ಆಕಾರ ಬರುತ್ತದೆ. ಈ ಮುದ್ರಣದ ಎರಡೇ ಎರಡು ಪ್ರತಿಗಳು ಇಂದು ಉಳಿದಿವೆ. ಒಂದು 1823ರಲ್ಲಿಯೂ ಇನ್ನೊಂದು 1856ರಲ್ಲಿಯೂ ಬೆಳಕಿಗೆ ಬಂದವು. ಒಂದರಲ್ಲಿ ಮುಖಪುಟವಿಲ್ಲ, ಇನ್ನೊಂದರಲ್ಲಿ ಕೊನೆಯ ಎಲೆಯಿಲ್ಲ. ಎರಡನ್ನೂ ಸೇರಿಸಿದಾಗಲೇ ನಾಟಕ ಪೂರ್ಣವಾಗುತ್ತದೆ.

ಎರಡನೆಯ ಕ್ವಾರ್ಟೊ ಬೆನ್ನಿಗೇ ಹೊರಬಂದಿತು. ಉಳಿದಿರುವ ಏಳು ಪ್ರತಿಗಳಲ್ಲಿ ಮೂರರ ಮೇಲೆ 1604 ಎಂದೂ ನಾಲ್ಕರ ಮೇಲೆ 1605 ಎಂದೂ ಅಚ್ಚಾಗಿದೆ. ಮೊದಲನೆಯದರಲ್ಲಿ ಸುಮಾರು 2,200 ಸಾಲುಗಳಿದ್ದರೆ ಇದರಲ್ಲಿ ಸುಮಾರು 3,800 ಸಾಲುಗಳಿವೆ. ಮೂರನೆಯದು, ಷೇಕ್ಸ್‌ಪಿಯರನು 1616ರಲ್ಲಿ ತೀರಿಕೊಂಡ ಏಳು ವರ್ಷಗಳ ಬಳಿಕ, 1623ರಲ್ಲಿ ಬಂದ ‘ಫೋಲಿಯೊ’ ಎಂಬ ದೊಡ್ಡ ಸಂಪುಟದಲ್ಲಿದೆ. ಅವನ ಜೊತೆಯ ನಟರಾಗಿದ್ದ ಜಾನ್ ಹೆಮಿಂಜಸ್ ಮತ್ತು ಹೆನ್ರಿ ಕಾಂಡೆಲ್ ಎಂಬವರು 36 ನಾಟಕಗಳನ್ನು ಒಂದುಗೂಡಿಸಿ ಈ ಸಂಪುಟವನ್ನು ಹೊರತಂದರು. ಅವುಗಳಲ್ಲಿ 18 ನಾಟಕಗಳು ಅದುವರೆಗೆ ಅಚ್ಚನ್ನೇ ಕಂಡಿರಲಿಲ್ಲ. ಆ ಸಂಪುಟವಿಲ್ಲದಿದ್ದರೆ ‘ಮ್ಯಾಕ್‌ಬೆತ್’, ‘ಜೂಲಿಯಸ್ ಸೀಸರ್’, ‘ಟೆಂಪೆಸ್ಟ್’ ನಾಟಕಗಳು ಬಹುಶಃ ನಮಗೆ ಸಿಕ್ಕುತ್ತಲೇ ಇರಲಿಲ್ಲ.

ಈ ಮೂರು ಪಾಠಗಳ ನಡುವಣ ವ್ಯತ್ಯಾಸ ಕಾಗುಣಿತದ ವ್ಯತ್ಯಾಸವಷ್ಟೇ ಅಲ್ಲ. ಒಫೀಲಿಯಳ ತಂದೆಯನ್ನು ನಾವು ಪೊಲೋನಿಯಸ್ ಎಂದು ಬಲ್ಲೆವು. ಮೊದಲನೆಯ ಕ್ವಾರ್ಟೊದಲ್ಲಿ ಅವನ ಹೆಸರು ಕೊರಾಂಬಿಸ್. ಇರುವುದೇ ಮೇಲೋ ಇಲ್ಲದಿರುವುದೇ ಮೇಲೋ ಎಂದು ರಾಜಕುಮಾರನು ತರ್ಕಿಸುವ ಲೋಕಪ್ರಸಿದ್ಧ ಸ್ವಗತವು ಅದರಲ್ಲಿ ಕಥೆಯ ಇನ್ನೂ ಮುಂಚಿನ ಘಟ್ಟದಲ್ಲಿ ಬರುತ್ತದೆ. ರಾಣಿ ಗರ್ಟ್ರೂಡಳು ತನಗೆ ಕೊಲೆಯ ವಿಷಯ ತಿಳಿದೇ ಇರಲಿಲ್ಲವೆಂದು ಸ್ಪಷ್ಟವಾಗಿ ಹೇಳಿ, ಮಗನಿಗೆ ನೆರವಾಗುವೆನೆಂದು ಮಾತು ಕೊಡುವುದು ಆ ಪಾಠದಲ್ಲಿ ಮಾತ್ರ. ನಾಲ್ಕನೆಯ ಅಂಕದಲ್ಲಿ ಫಾರ್ಟಿನ್‌ಬ್ರಾಸನ ಸೈನ್ಯವನ್ನು ಕಂಡು ಹ್ಯಾಮ್ಲೆಟ್ ಆಡುವ ದೀರ್ಘ ಸ್ವಗತ ಎರಡನೆಯ ಕ್ವಾರ್ಟೊದಲ್ಲಿದೆ, ಫೋಲಿಯೊದಲ್ಲಿ ಇಲ್ಲ. ಡೆನ್ಮಾರ್ಕ್ ದೇಶವನ್ನೇ ಸೆರೆಮನೆಗೆ ಹೋಲಿಸುವ ಮಾತುಕತೆ ಫೋಲಿಯೊದಲ್ಲಿದೆ. ಎರಡನೆಯ ಕ್ವಾರ್ಟೊದಲ್ಲಿ ಇಲ್ಲ.

ಗರ್ಟ್ರೂಡಳು ಅಪರಾಧದಲ್ಲಿ ಪಾಲುಗಾರಳೋ ಅಲ್ಲವೋ ಎಂಬುದು ಪರೀಕ್ಷೆಗಳಲ್ಲಿ ಕೇಳಬಹುದಾದ ಪ್ರಶ್ನೆ. ಹ್ಯಾಮ್ಲೆಟ್ ಕಾರ್ಯವನ್ನು ಮುಂದೂಡುವವನೋ ಎಂಬ ಪ್ರಶ್ನೆಗೆ ಆ ನಾಲ್ಕನೆಯ ಅಂಕದ ಸ್ವಗತವೇ ಮುಖ್ಯ ಸಾಕ್ಷಿ. ಹಾಗಾದರೆ ಬೇರೆಬೇರೆ ತಾಣಗಳಿಂದ ಪಾಠವನ್ನು ಇಳಿಸಿಕೊಂಡ ಇಬ್ಬರು ವಿದ್ಯಾರ್ಥಿಗಳು ಬೇರೆಬೇರೆ ನಾಟಕಗಳನ್ನು ಓದಿ ವಾದಿಸುತ್ತಿರುವ ಸಂಭವವುಂಟು. ಇಬ್ಬರ ತರ್ಕವೂ ಸರಿಯಾಗಿರಬಹುದು. ಇಬ್ಬರಿಗೂ ಜಗಳದ ಮೂಲ ಮಾತ್ರ ತಿಳಿಯದು.

ಪಾಠಾಂತರವೆಂಬುದು ಕನ್ನಡಿಗರಿಗೆ ಹೊಸ ಮಾತಲ್ಲ. ನಮ್ಮ ಹಳಗನ್ನಡ ಕಾವ್ಯಗಳನ್ನು ಓಲೆಗರಿಗಳಿಂದ ಸಂಪಾದಿಸಿದ ವಿದ್ವಾಂಸರು ಪುಟದ ಅಡಿಯಲ್ಲಿ ಪಾಠಾಂತರಗಳನ್ನು ನಮೂದಿಸಿರುವುದನ್ನು ವಾಚಕರು ಕಂಡಿರಬಹುದು. ಕೈಬರಹದ ಕಾಲ ಮುಗಿದು ಅಚ್ಚು ಬಂದ ಮೇಲೆ ಈ ತೊಡಕು ತೀರಿತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆ ಭಾವನೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ತಿಳಿಯಲು ಹದಿನೇಳನೆಯ ಶತಮಾನದ ಅಚ್ಚುಕೂಟದೊಳಕ್ಕೆ ಇಣಿಕಿ ನೋಡಬೇಕು.

ಅಚ್ಚುಕೂಟದೊಳಗೆ

ಅಂದಿನ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು ಎದುರಿಗಿದ್ದ ಹಸ್ತಪ್ರತಿಯಿಂದ ಕೆಲವು ಮಾತುಗಳನ್ನು ಓದಿ, ಮನಸ್ಸಿನಲ್ಲಿಟ್ಟುಕೊಂಡು, ಸೀಸದ ಮೊಳೆಗಳನ್ನು ಒಂದೊಂದಾಗಿ ಆಯ್ದು ಸಾಲುಗಟ್ಟುತ್ತಿದ್ದನು. ಆಗ ಇಂಗ್ಲಿಷಿನ ಕಾಗುಣಿತಕ್ಕೆ ಕಟ್ಟುನಿಟ್ಟಾದ ನಿಯಮವಿರಲಿಲ್ಲ. ಆದ್ದರಿಂದ ಪ್ರತಿಯೊಬ್ಬನೂ ತನ್ನ ರೂಢಿಯಂತೆ ಜೋಡಿಸುತ್ತಿದ್ದನು. ‘ಡೂ’, ‘ಗೋ’ ಎಂಬ ಪುಟ್ಟ ಪದಗಳ ಕೊನೆಯಲ್ಲಿ ಒಬ್ಬನು ಹೆಚ್ಚಿನ ಒಂದು ‘ಇ’ ಅಕ್ಷರವನ್ನು ಸೇರಿಸಿದರೆ ಇನ್ನೊಬ್ಬನು ಬಿಡುತ್ತಿದ್ದನು. ಈ ಅಭ್ಯಾಸಗಳೇ ಅವರ ಬೆರಳಚ್ಚುಗಳಾದವು. ಮೂರು ಶತಮಾನಗಳ ಬಳಿಕ ವಿದ್ವಾಂಸರು ಇವುಗಳ ಬೆನ್ನು ಹಿಡಿದು, ಫೋಲಿಯೊದ ಯಾವ ಪುಟವನ್ನು ಯಾವ ಕೆಲಸಗಾರನು ಜೋಡಿಸಿದನೆಂಬುದನ್ನು ಬಹುಮಟ್ಟಿಗೆ ಗುರುತಿಸಿದರು. ಹೆಸರು ತಿಳಿಯದ ಆ ಕೆಲಸಗಾರರಿಗೆ ‘ಎ’, ‘ಬಿ’, ‘ಸಿ’ ಎಂದು ಅಕ್ಷರಗಳನ್ನೇ ಹೆಸರಾಗಿಟ್ಟರು.

ಫೋಲಿಯೊದಲ್ಲಿ ಮೂರು ದೊಡ್ಡ ಹಾಳೆಗಳನ್ನು ಒಂದರೊಳಗೊಂದು ಮಡಿಸಿ ಹನ್ನೆರಡು ಪುಟಗಳ ಒಂದೊಂದು ಕಟ್ಟನ್ನು ಮಾಡುತ್ತಿದ್ದರು. ಹೀಗೆ ಮಡಿಸಿದಾಗ ಒಂದನೆಯ ಪುಟವೂ ಹನ್ನೆರಡನೆಯ ಪುಟವೂ ಹಾಳೆಯ ಒಂದೇ ಮಗ್ಗುಲಿನಲ್ಲಿ ಬರುತ್ತವೆ. ಆರು ಮತ್ತು ಏಳನೆಯವು ಇನ್ನೊಂದು ಹಾಳೆಯ ಒಂದೇ ಮಗ್ಗುಲಿನಲ್ಲಿ ಬರುತ್ತವೆ. ಪುಟಗಳನ್ನು ಕ್ರಮವಾಗಿ ಜೋಡಿಸುತ್ತ ಹೋದರೆ ಮೊದಲ ಹಾಳೆ ಅಚ್ಚಿಗೆ ಸಿದ್ಧವಾಗುವ ಹೊತ್ತಿಗೆ ಏಳು ಪುಟಗಳಷ್ಟು ಮೊಳೆಗಳು ಸಿಕ್ಕಿಕೊಂಡಿರುತ್ತಿದ್ದವು. ಅಷ್ಟು ಮೊಳೆಗಳನ್ನು ಕಟ್ಟಿಹಾಕುವುದು ಅಚ್ಚುಕೂಟಕ್ಕೆ ಅನುಕೂಲವಲ್ಲ. ಆದ್ದರಿಂದ ಅವರು ನಡುವಣ ಆರು ಮತ್ತು ಏಳನೆಯ ಪುಟಗಳಿಂದ ಆರಂಭಿಸಿ ಹೊರಕ್ಕೆ ಸಾಗುತ್ತಿದ್ದರು. ಹೀಗೆ ಮಾಡಬೇಕಾದರೆ ಹಸ್ತಪ್ರತಿಯ ಯಾವ ಭಾಗ ಯಾವ ಪುಟಕ್ಕೆ ಹಿಡಿಸುತ್ತದೆಂದು ಮುಂಚಿತವಾಗಿ ಅಂದಾಜು ಮಾಡಬೇಕು. ಅಂದಾಜು ತಪ್ಪಿದರೆ ಒಂದು ಪುಟದಲ್ಲಿ ಪದ್ಯವನ್ನು ಗದ್ಯದಂತೆ ಒತ್ತೊತ್ತಾಗಿ ತುರುಕಬೇಕಾಗುತ್ತಿತ್ತು. ಇನ್ನೊಂದರಲ್ಲಿ ಸಾಲುಗಳನ್ನು ಮುರಿದು ಹಿಗ್ಗಿಸಬೇಕಾಗುತ್ತಿತ್ತು. ಸಾಲು ಮುರಿದಿರುವುದನ್ನು ಕಂಡು, ಪಾತ್ರದ ಮನಸ್ಸು ಇಲ್ಲಿ ಮುರಿದಿದೆ ಎಂದು ಬರೆಯುವ ಮುನ್ನ ವಿದ್ಯಾರ್ಥಿಯು ಈ ಸಂಗತಿಯನ್ನು ನೆನೆಯಬೇಕು.

ಇನ್ನೂ ಒಂದು ತೊಡಕುಂಟು. ಅಚ್ಚು ನಡೆಯುತ್ತಿರುವಾಗಲೇ ಒಂದು ಹಾಳೆಯನ್ನು ತೆಗೆದು ಕರಡು ತಿದ್ದುವುದು ವಾಡಿಕೆಯಾಗಿತ್ತು. ತಪ್ಪು ಕಂಡರೆ ಯಂತ್ರವನ್ನು ನಿಲ್ಲಿಸಿ ಮೊಳೆಯನ್ನು ಬದಲಿಸುತ್ತಿದ್ದರು. ಆದರೆ ಅಷ್ಟರೊಳಗೆ ಅಚ್ಚಾಗಿದ್ದ ತಪ್ಪು ಹಾಳೆಗಳನ್ನು ಎಸೆಯುತ್ತಿರಲಿಲ್ಲ. ಕಾಗದ ಬಲು ದುಬಾರಿ. ತಿದ್ದಿದ ಹಾಳೆ, ತಿದ್ದದ ಹಾಳೆ ಎರಡೂ ಬೆರೆತು ಹೊಲಿಗೆಗೆ ಹೋಗುತ್ತಿದ್ದವು. ಇದರ ಫಲವಾಗಿ ಒಂದೇ ಮುದ್ರಣದ ಪ್ರತಿಗಳಲ್ಲಿಯೂ ಪರಸ್ಪರ ವ್ಯತ್ಯಾಸಗಳು ಉಳಿದುಕೊಂಡವು.

ಮಿನುಗುವ ಅಕ್ಷರಗಳು

ಈ ವ್ಯತ್ಯಾಸಗಳನ್ನು ಕಂಡುಹಿಡಿಯುವ ಬಗೆ ಹೇಗೆ? ಒಂಬೈನೂರಕ್ಕೂ ಹೆಚ್ಚು ಪುಟಗಳ ಸಂಪುಟದ ಹತ್ತಾರು ಪ್ರತಿಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವುದು ಮನುಷ್ಯನ ಕಣ್ಣಿಗೆ ಅಸಾಧ್ಯವೆಂದೇ ಹೇಳಬೇಕು. ಇದಕ್ಕೆ ಒಂದು ಯಂತ್ರವನ್ನು ರೂಪಿಸಿದವರು ಅಮೆರಿಕದ ಚಾರ್ಲ್‌ಟನ್ ಹಿನ್ಮನ್. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ ಹಿಂದಿರುಗಿದ ಅವರು 1940ರ ದಶಕದ ಕೊನೆಯಲ್ಲಿ ಇದನ್ನು ಸಿದ್ಧಪಡಿಸಿದರು. ಒಂದೇ ಪುಟದ ಎರಡು ಪ್ರತಿಗಳನ್ನು ಯಂತ್ರದ ಎರಡು ಬದಿಗಳಲ್ಲಿಟ್ಟು, ಕನ್ನಡಿಗಳ ನೆರವಿನಿಂದ ಎರಡು ಬಿಂಬಗಳೂ ಒಂದರ ಮೇಲೊಂದು ಸರಿಯಾಗಿ ಕೂಡುವಂತೆ ಮಾಡಲಾಗುತ್ತದೆ. ಬಳಿಕ ಎರಡು ದೀಪಗಳು ಒಂದಾದ ಮೇಲೊಂದರಂತೆ ಹತ್ತಿ ಆರುತ್ತವೆ. ಎರಡು ಪುಟಗಳೂ ಒಂದೇ ಆಗಿದ್ದರೆ ನೋಡುವವನಿಗೆ ಅಲುಗಾಡದ ಒಂದೇ ಪುಟ ಕಾಣುತ್ತದೆ. ಎಲ್ಲಾದರೂ ಒಂದು ಅಲ್ಪವಿರಾಮ ಬದಲಾಗಿದ್ದರೂ ಸರಿ, ಆ ಸ್ಥಳ ಮಾತ್ರ ಮಿನುಗತೊಡಗುತ್ತದೆ.

ವಿಜ್ಞಾನದ ವಿದ್ಯಾರ್ಥಿಗೆ ಈ ತತ್ತ್ವ ಪರಿಚಿತವೇ. ಖಗೋಳಶಾಸ್ತ್ರಜ್ಞರು ಆಕಾಶದ ಒಂದೇ ಭಾಗವನ್ನು ಬೇರೆಬೇರೆ ರಾತ್ರಿಗಳಲ್ಲಿ ತೆಗೆದ ಎರಡು ಛಾಯಾಚಿತ್ರಗಳನ್ನು ಹೀಗೆಯೇ ಒಂದಾದ ಮೇಲೊಂದರಂತೆ ನೋಡುತ್ತಿದ್ದರು. ನಕ್ಷತ್ರಗಳು ನಿಂತಲ್ಲೇ ನಿಲ್ಲುತ್ತವೆ. ಸ್ಥಳ ಬದಲಿಸಿದ ಕಾಯ ಮಾತ್ರ ಅತ್ತಿತ್ತ ಜಿಗಿಯುತ್ತದೆ. 1930ರಲ್ಲಿ ಕ್ಲೈಡ್ ಟಾಂಬೊ ಎಂಬ ತರುಣನು ಪ್ಲೂಟೊವನ್ನು ಪತ್ತೆಹಚ್ಚಿದುದು ಈ ಉಪಾಯದಿಂದಲೇ. ಆಕಾಶಕಾಯವನ್ನು ಹಿಡಿದ ಬಲೆಗೆ ಅಚ್ಚಿನ ಮೊಳೆಯೂ ಸಿಕ್ಕಿತೆಂಬುದು ಸೋಜಿಗವಲ್ಲವೆ!

ವಾಷಿಂಗ್ಟನ್ ನಗರದ ಫೋಲ್ಜರ್ ಗ್ರಂಥಾಲಯದಲ್ಲಿ ಫೋಲಿಯೊದ 82 ಪ್ರತಿಗಳಿವೆ. ಜಗತ್ತಿನಲ್ಲಿ ಮತ್ತೆಲ್ಲಿಯೂ ಇಷ್ಟಿಲ್ಲ. ಅಲ್ಲಿಯ ಸುಮಾರು 55 ಪ್ರತಿಗಳನ್ನು ಹಿನ್ಮನ್ ತಮ್ಮ ಯಂತ್ರದಿಂದ ಹೋಲಿಸಿ, 1963ರಲ್ಲಿ ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದರು. ಮುರಿದ, ಸೊಟ್ಟಗಾದ ಮೊಳೆಗಳು ಎಲ್ಲೆಲ್ಲಿ ಮತ್ತೆ ಮತ್ತೆ ತಲೆದೋರುತ್ತವೆ ಎಂಬುದನ್ನು ಹಿಂಬಾಲಿಸಿ, ಪುಟಗಳು ಅಚ್ಚಾದ ಕ್ರಮವನ್ನು ಅವರು ನಿಗದಿಪಡಿಸಿದರು. ನಡುವಣ ಪುಟಗಳಿಂದ ಕೆಲಸ ಆರಂಭವಾಗುತ್ತಿತ್ತೆಂಬುದು ಸ್ಥಿರಪಟ್ಟುದು ಹೀಗೆ. 1968ರಲ್ಲಿ ಅವರು ಫೋಲಿಯೊದ ಒಂದು ಯಥಾಪ್ರತಿಯನ್ನು ಹೊರತಂದು, ಪ್ರತಿ ನಾಟಕದ ಸಾಲುಗಳಿಗೂ ಆದಿಯಿಂದ ಅಂತ್ಯದವರೆಗೆ ಒಂದೇ ಓಟದ ಅಂಕಿಗಳನ್ನು ಕೊಟ್ಟರು. ‘ಹ್ಯಾಮ್ಲೆಟ್’ಗೆ ಇಂಥ ಅಂಕಿಗಳು ಸುಮಾರು 3,900. ಅಂಕ, ದೃಶ್ಯಗಳ ವಿಭಜನೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು. ಈ ಅಂಕಿ ಬದಲಾಗುವುದಿಲ್ಲ. ಅಂತರಜಾಲದ ಉತ್ತಮ ಆವೃತ್ತಿಗಳು ಇಂದಿಗೂ ಈ ಅಂಕಿಗಳನ್ನು ಬಳಸುತ್ತವೆ.

ಉಚಿತವಾದುದು ಹಳೆಯದೇಕೆ?

ಈಗ ಅಂತರಜಾಲಕ್ಕೆ ಬರೋಣ. ಅಲ್ಲಿ ಪುಕ್ಕಟೆಯಾಗಿ ದೊರೆಯುವ ‘ಹ್ಯಾಮ್ಲೆಟ್’ ಪಾಠಗಳಲ್ಲಿ ಬಹಳಷ್ಟು ಒಂದೇ ಬೇರಿನಿಂದ ಚಿಗುರಿದವು. ಆ ಬೇರು 1864ರಲ್ಲಿ ಕ್ಲಾರ್ಕ್ ಮತ್ತು ರೈಟ್ ಎಂಬ ವಿದ್ವಾಂಸರು ಸಂಪಾದಿಸಿದ ‘ಗ್ಲೋಬ್’ ಆವೃತ್ತಿ. ಇದಕ್ಕೆ ಕಾರಣ ಕೃತಿಸ್ವಾಮ್ಯದ ಕಾನೂನು. ಷೇಕ್ಸ್‌ಪಿಯರನ ಕೃತಿಗೆ ಇಂದು ಯಾವ ಒಡೆಯನೂ ಇಲ್ಲ. ಆದರೆ ಆಧುನಿಕ ಸಂಪಾದಕನು ಬರೆದ ಪೀಠಿಕೆ, ಟಿಪ್ಪಣಿಗಳಿಗೆ ಒಡೆತನವುಂಟು. ಹೀಗಾಗಿ ಯಾರ ಅಪ್ಪಣೆಯೂ ಬೇಡವಾದ ಹಳೆಯ ಆವೃತ್ತಿಯನ್ನು ಒಬ್ಬರು ಗಣಕಕ್ಕೆ ಏರಿಸಿದರು. ಅದನ್ನು ನೂರಾರು ತಾಣಗಳು ನಕಲು ಮಾಡಿಕೊಂಡವು. ಹತ್ತು ತಾಣಗಳಲ್ಲಿ ಒಂದೇ ಪಾಠವಿದೆಯೆಂದು ಅದನ್ನು ನಿಜವೆಂದು ಬಗೆಯುವುದು, ಒಂದೇ ದಿನಪತ್ರಿಕೆಯ ಹತ್ತು ಪ್ರತಿಗಳನ್ನು ಕೊಂಡು ಸುದ್ದಿಯನ್ನು ತಾಳೆ ನೋಡಿದಂತೆ.

ಗ್ಲೋಬ್ ಆವೃತ್ತಿ ಕೆಟ್ಟದ್ದೆಂದು ಇದರ ಅರ್ಥವಲ್ಲ. ತನ್ನ ಕಾಲಕ್ಕೆ ಅದು ಶ್ರೇಷ್ಠ ಕೆಲಸ. ಆದರೆ ಹಿಂದಿನ ಅನೇಕ ಸಂಪಾದಕರಂತೆ ಅದರ ಸಂಪಾದಕರೂ ಎರಡನೆಯ ಕ್ವಾರ್ಟೊ, ಫೋಲಿಯೊ ಎರಡರ ಸಾಲುಗಳನ್ನೂ ಬೆರೆಸಿ ಒಂದೇ ಉದ್ದನೆಯ ನಾಟಕವನ್ನು ಕಟ್ಟಿದರು. ಬೆರೆಸಿದುದು ಎಲ್ಲಿ ಎಂಬ ಗುರುತು ಅಂತರಜಾಲದ ನಕಲುಗಳಲ್ಲಿ ಕಾಣುವುದಿಲ್ಲ. ಅಂಥ ಪೂರ್ಣ ಪಾಠವನ್ನು ಷೇಕ್ಸ್‌ಪಿಯರನ ಕಾಲದ ಯಾವ ಓದುಗನೂ ಕಂಡಿರಲಿಲ್ಲ. ಇತ್ತೀಚಿನ ವಿದ್ವಾಂಸರು ಬೇರೆ ಹಾದಿ ಹಿಡಿದಿದ್ದಾರೆ. 2006ರ ‘ಆರ್ಡನ್’ ಮಾಲೆಯಲ್ಲಿ ಆನ್ ಥಾಂಪ್ಸನ್ ಮತ್ತು ನೀಲ್ ಟೇಲರ್ ಮೂರು ಪಾಠಗಳನ್ನೂ ಬೇರೆಬೇರೆಯಾಗಿಯೇ ಅಚ್ಚು ಮಾಡಿಸಿದರು.

ಒಂದೇ ಪದದ ಮಾತನ್ನು ತೆಗೆದುಕೊಳ್ಳೋಣ. ಮೊದಲನೆಯ ಸ್ವಗತದಲ್ಲಿ ಹ್ಯಾಮ್ಲೆಟ್ ತನ್ನ ದೇಹ ಕರಗಿಹೋಗಬಾರದೇ ಎಂದು ಹಲುಬುತ್ತಾನೆ. ಆ ದೇಹಕ್ಕೆ ಫೋಲಿಯೊ ಕೊಟ್ಟಿರುವ ವಿಶೇಷಣ ‘ಸಾಲಿಡ್’, ಎಂದರೆ ಘನವಾದ. ಎರಡು ಕ್ವಾರ್ಟೊಗಳಲ್ಲಿಯೂ ಇರುವುದು ‘ಸ್ಯಾಲೀಡ್’. ಇದು ‘ಸಲ್ಲೀಡ್’, ಎಂದರೆ ಕಳಂಕಿತವಾದ ಎಂಬ ಪದದ ರೂಪವೆಂದು ಜಾನ್ ಡೋವರ್ ವಿಲ್ಸನ್ ಬಲವಾಗಿ ವಾದಿಸಿದರು. ಘನವಾದುದು ಕರಗುವುದು ಭೌತಶಾಸ್ತ್ರದ ಚಿತ್ರ. ಕಳಂಕಿತವಾದುದು ಕರಗಬಯಸುವುದು ನೀತಿಯ ಚಿತ್ರ. ತಾಯಿಯ ಮರುಮದುವೆಯಿಂದ ನೊಂದವನ ಬಾಯಲ್ಲಿ ಎರಡೂ ಸಲ್ಲುತ್ತವೆ. ಆದರೆ ಒಂದೇ ಪದವನ್ನು ಮೌನವಾಗಿ ಮುಂದಿಡುವ ತಾಣವು ಓದುಗನಿಂದ ಆಯ್ಕೆಯನ್ನೇ ಕಸಿದುಕೊಳ್ಳುತ್ತದೆ.

ನೆಚ್ಚಬಹುದಾದ ಕೆಲವು ತಾಣಗಳು

ಹಾಗಾದರೆ ವಿದ್ಯಾರ್ಥಿಗೆ ಗತಿಯೇನು? ಗತಿಯುಂಟು, ಅದೂ ಪುಕ್ಕಟೆಯಾಗಿಯೇ. ಫೋಲ್ಜರ್ ಗ್ರಂಥಾಲಯವು ಬಾರ್ಬರಾ ಮೊವಟ್ ಮತ್ತು ಪಾಲ್ ವರ್ಸ್ಟೀನ್ ಎಂಬ ವಿದ್ವಾಂಸರು ಸಂಪಾದಿಸಿದ ಪಾಠಗಳನ್ನು ತನ್ನ ತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಅದರಲ್ಲಿಯೂ ಎರಡು ಪಾಠಗಳನ್ನು ಬೆರೆಸಲಾಗಿದೆ. ಆದರೆ ಎರಡನೆಯ ಕ್ವಾರ್ಟೊದಲ್ಲಿ ಮಾತ್ರ ಇರುವ ಸಾಲುಗಳಿಗೆ ಒಂದು ಬಗೆಯ ಆವರಣ ಚಿಹ್ನೆ, ಫೋಲಿಯೊದಲ್ಲಿ ಮಾತ್ರ ಇರುವ ಸಾಲುಗಳಿಗೆ ಇನ್ನೊಂದು ಬಗೆಯ ಚಿಹ್ನೆ, ಸಂಪಾದಕರೇ ತಿದ್ದಿದ ಕಡೆ ಮತ್ತೊಂದು ಬಗೆಯ ಚಿಹ್ನೆ ಹಾಕಲಾಗಿದೆ. ಬೆರೆಸಿದವನು ಏನನ್ನು ಬೆರೆಸಿದೆನೆಂದು ಹೇಳಿಬಿಟ್ಟರೆ ಬೆರಕೆ ದೋಷವಾಗದು. ಮೊದಲ ಓದಿಗೆ ಇದು ತಕ್ಕ ಪಾಠ.

ಎರಡನೆಯ ಹಂತಕ್ಕೆ ಕೆನಡಾ ದೇಶದ ವಿಕ್ಟೋರಿಯ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಬೆಸ್ಟ್ 1996ರಲ್ಲಿ ಸ್ಥಾಪಿಸಿದ ‘ಇಂಟರ್‌ನೆಟ್ ಷೇಕ್ಸ್‌ಪಿಯರ್ ಎಡಿಷನ್ಸ್’ ನೆರವಾಗುತ್ತದೆ. ಮೂರು ‘ಹ್ಯಾಮ್ಲೆಟ್’ಗಳನ್ನೂ ಹಳೆಯ ಕಾಗುಣಿತದಲ್ಲಿಯೇ ಅಕ್ಷರಶಃ ಪ್ರತಿ ಮಾಡಿ, ಸಾಲಿನ ಅಂಕಿಗಳೊಡನೆ ಅಲ್ಲಿ ಕೊಡಲಾಗಿದೆ. ಯಾವ ಸಾಲು ಯಾವ ಪಾಠದಲ್ಲಿದೆಯೆಂದು ಸ್ವತಃ ತಾಳೆ ನೋಡಬಯಸುವವರಿಗೆ ಇದು ಉಪಯುಕ್ತ.

ಮೂರನೆಯ ಹಂತ ಮೂಲ ಪುಟಗಳ ಛಾಯಾಚಿತ್ರಗಳು. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯವು ತನ್ನ ಫೋಲಿಯೊ ಪ್ರತಿಯನ್ನು 2013ರಲ್ಲಿ ಅಂತರಜಾಲದಲ್ಲಿ ಪ್ರಕಟಿಸಿತು. ಈ ಪ್ರತಿಯ ಕಥೆಯೂ ರಸವತ್ತಾದುದು. ಪುಸ್ತಕ ಅಚ್ಚಾದ ಹೊಸತರಲ್ಲಿಯೇ ಗ್ರಂಥಾಲಯಕ್ಕೆ ಬಂದಿದ್ದ ಇದನ್ನು, 1660ರ ದಶಕದಲ್ಲಿ ಹೊಸ ಮುದ್ರಣ ಬಂದ ಮೇಲೆ, ಹಳತಾಯಿತೆಂದು ಮಾರಿಬಿಟ್ಟಿದ್ದರು. 1905ರಲ್ಲಿ ವಿದ್ಯಾರ್ಥಿಯೊಬ್ಬನು ಮನೆಯಲ್ಲಿದ್ದ ಹಳೆಯ ಪುಸ್ತಕದ ಹೊದಿಕೆಯನ್ನು ಸರಿಪಡಿಸುವ ಬಗೆಯನ್ನು ಕೇಳಲು ಗ್ರಂಥಾಲಯಕ್ಕೆ ಬಂದನು. ಅದು ತಾವು ಕಳೆದುಕೊಂಡ ಪ್ರತಿಯೇ ಎಂಬುದನ್ನು ಅಲ್ಲಿಯವರು ಹೊದಿಕೆಯ ಲಕ್ಷಣಗಳಿಂದ ಗುರುತಿಸಿದರು. ಕಡೆಗೆ 1906ರಲ್ಲಿ ಸಾರ್ವಜನಿಕರಿಂದ ಚಂದಾ ಎತ್ತಿ 3,000 ಪೌಂಡು ತೆತ್ತು ಅದನ್ನು ಮರಳಿ ಪಡೆದರು. ಅದರ ಪುಟಗಳಲ್ಲಿ ಬಹಳ ಸವೆದಿರುವವು ‘ರೋಮಿಯೊ ಮತ್ತು ಜೂಲಿಯೆಟ್’ ನಾಟಕದವು. ಯಾವ ನಾಟಕದ ಮೇಲೆ ಅಂದಿನ ತರುಣರ ಮೊಣಕೈಗಳು ಹೆಚ್ಚು ಊರಿದ್ದವೆಂಬುದಕ್ಕೆ ಕಾಗದವೇ ಸಾಕ್ಷಿ ನುಡಿಯುತ್ತಿದೆ. ಇಂಥ ಸಂಗತಿ ಟೈಪು ಮಾಡಿದ ಪಾಠದಲ್ಲಿ ದೊರೆಯದು, ಛಾಯಾಚಿತ್ರದಲ್ಲಿ ದೊರೆಯುತ್ತದೆ.

ಚಿತ್ರ ಬೇರೆ, ಪಾಠ ಬೇರೆ

ಇಲ್ಲಿ ಒಂದು ತಾಂತ್ರಿಕ ಭೇದವನ್ನು ತಿಳಿದಿರಬೇಕು. ಪುಟದ ಛಾಯಾಚಿತ್ರವೆಂದರೆ ಗಣಕಕ್ಕೆ ಲಕ್ಷಾಂತರ ಬಣ್ಣದ ಚುಕ್ಕೆಗಳ ಒಂದು ಪಟ್ಟಿ ಮಾತ್ರ. ಅದರಲ್ಲಿ ಅಕ್ಷರವಿದೆಯೆಂಬುದು ಗಣಕಕ್ಕೆ ತಿಳಿಯದು. ಆದ್ದರಿಂದ ಅದರೊಳಗೆ ಪದವನ್ನು ಹುಡುಕಲಾಗದು. ಹುಡುಕಬೇಕಾದರೆ ಪ್ರತಿ ಅಕ್ಷರಕ್ಕೂ ನಿಗದಿಯಾದ ಒಂದು ಸಂಖ್ಯೆಯನ್ನು ಕೊಟ್ಟು ಪಾಠವನ್ನು ಸಿದ್ಧಪಡಿಸಬೇಕು. ಚಿತ್ರದಿಂದ ಅಕ್ಷರಗಳನ್ನು ತಾನಾಗಿಯೇ ಗುರುತಿಸುವ ತಂತ್ರಾಂಶಗಳು ಇವೆ. ಆದರೆ ಹಳೆಯ ಅಚ್ಚಿನಲ್ಲಿ ಪದದ ನಡುವೆ ಬರುವ ‘ಎಸ್’ ಅಕ್ಷರ ‘ಎಫ್’ ಅಕ್ಷರದಂತೆಯೇ ಉದ್ದವಾಗಿರುತ್ತದೆ. ಮಾಸಿದ ಮಸಿ, ಸೊಟ್ಟ ಮೊಳೆ, ಹಿಂಬದಿಯ ಪುಟದಿಂದ ಮೂಡಿದ ನೆರಳು ಇವೂ ಸೇರಿ ಯಂತ್ರವನ್ನು ದಾರಿತಪ್ಪಿಸುತ್ತವೆ. ಈ ಕಾರಣದಿಂದಲೇ ಹಳೆಯ ಇಂಗ್ಲಿಷ್ ಗ್ರಂಥಗಳನ್ನು ಗಣಕಕ್ಕೆ ತಂದ ‘ಟೆಕ್ಸ್ಟ್ ಕ್ರಿಯೇಷನ್ ಪಾರ್ಟ್‌ನರ್‌ಷಿಪ್’ ಎಂಬ ವಿಶ್ವವಿದ್ಯಾಲಯಗಳ ಕೂಟವು ಅವುಗಳನ್ನು ಮನುಷ್ಯರ ಕೈಯಿಂದಲೇ ಟೈಪು ಮಾಡಿಸಿತು. ಹೀಗೆ ಸಿದ್ಧವಾದ ಸುಮಾರು 25,000 ಗ್ರಂಥಗಳು 2015ರ ಜನವರಿ 1ರಂದು ಎಲ್ಲರಿಗೂ ಮುಕ್ತವಾದವು.

ಹಳೆಯ ಕಾಗುಣಿತದ ಪಾಠದಲ್ಲಿ ಹುಡುಕುವವನು ಇನ್ನೊಂದು ಎಚ್ಚರವನ್ನು ವಹಿಸಬೇಕು. ಅಂದಿನ ಅಚ್ಚಿನಲ್ಲಿ ಪದದ ನಡುವಣ ‘ವಿ’ ಅಕ್ಷರಕ್ಕೆ ‘ಯು’ ಅಕ್ಷರದ ಮೊಳೆಯನ್ನೇ ಬಳಸುತ್ತಿದ್ದರು. ಪ್ರೇಮವೆಂಬ ಅರ್ಥದ ‘ಲವ್’ ಪದವನ್ನು ಇಂದಿನ ಕಾಗುಣಿತದಲ್ಲಿ ಹುಡುಕಿದರೆ ಅಂಥ ಪಾಠದಲ್ಲಿ ಅದು ಇಲ್ಲವೆಂದೇ ಗಣಕವು ಉತ್ತರಿಸಬಹುದು. ಹುಡುಕಿದುದು ಸಿಕ್ಕಲಿಲ್ಲವೆಂದರೆ ಅದು ಇಲ್ಲವೆಂದು ಅರ್ಥವಲ್ಲ.

ಪದಗಳ ಅರ್ಥವೂ ಕಾಲದೊಡನೆ ಸರಿದಿದೆ. ತನ್ನನ್ನು ತಡೆಯಬಂದ ಗೆಳೆಯರಿಗೆ ಹ್ಯಾಮ್ಲೆಟ್ ಆಡುವ ಎಚ್ಚರಿಕೆಯಲ್ಲಿ ‘ಲೆಟ್’ ಎಂಬ ಪದಕ್ಕೆ ‘ಬಿಡು’ ಎಂಬ ಅರ್ಥವಿಲ್ಲ. ‘ಅಡ್ಡಿಮಾಡು’ ಎಂಬ ಅದಕ್ಕೆ ತೀರ ವಿರುದ್ಧವಾದ ಅರ್ಥವಿದೆ. ಇಂಥ ಕಡೆ ಇಂದಿನ ನಿಘಂಟು ಕೈಕೊಡುತ್ತದೆ. ಜರ್ಮನ್ ವಿದ್ವಾಂಸ ಅಲೆಕ್ಸಾಂಡರ್ ಷ್ಮಿಟ್ 1870ರ ದಶಕದಲ್ಲಿ ರಚಿಸಿದ ಷೇಕ್ಸ್‌ಪಿಯರ್ ಶಬ್ದಕೋಶವೂ, ಡೇವಿಡ್ ಕ್ರಿಸ್ಟಲ್ ಮತ್ತು ಬೆನ್ ಕ್ರಿಸ್ಟಲ್ ಎಂಬ ತಂದೆಮಕ್ಕಳು ಸಿದ್ಧಪಡಿಸಿದ ಶಬ್ದಕೋಶವೂ ಅಂತರಜಾಲದಲ್ಲಿ ದೊರೆಯುತ್ತವೆ.

ನಾಟಕವನ್ನು ಕಣ್ಣಾರೆ ನೋಡದೆ ಓದು ಪೂರ್ಣವಾಗದೆಂಬುದು ನಿಜ. ಆದರೆ ನೋಡುವಾಗಲೂ ‘ಯಾವ ಹ್ಯಾಮ್ಲೆಟ್?’ ಎಂದು ಕೇಳಬೇಕು. ಲಾರೆನ್ಸ್ ಒಲಿವಿಯರನ 1948ರ ಚಿತ್ರದಲ್ಲಿ ಫಾರ್ಟಿನ್‌ಬ್ರಾಸನೂ ಇಲ್ಲ, ರೋಸೆನ್‌ಕ್ರಾಂಟ್ಸ್ ಮತ್ತು ಗಿಲ್ಡೆನ್‌ಸ್ಟರ್ನರೂ ಇಲ್ಲ. ಕೆನೆತ್ ಬ್ರಾನಾ 1996ರಲ್ಲಿ ತೆಗೆದ ಚಿತ್ರ ಬೆರೆಸಿದ ಪೂರ್ಣ ಪಾಠವನ್ನು ಅನುಸರಿಸಿ ಸುಮಾರು ನಾಲ್ಕು ಗಂಟೆ ನಡೆಯುತ್ತದೆ.

ತಾಣಗಳಿಗೂ ಆಯುಸ್ಸುಂಟು

ಕಾಗದ ಹರಿಯುತ್ತದೆ, ಗಣಕದಲ್ಲಿಟ್ಟುದು ಶಾಶ್ವತ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವ ಹಾಗಿಲ್ಲ. 1623ರ ಫೋಲಿಯೊ ನಾಲ್ಕು ಶತಮಾನ ಬದುಕಿದೆ. ಸುಮಾರು 235 ಪ್ರತಿಗಳು ಇಂದಿಗೂ ಓದಲು ಬರುತ್ತವೆ. ವಿಕ್ಟೋರಿಯದ ಆ ಜಾಲತಾಣವಾದರೋ ಇಪ್ಪತ್ತೆರಡು ವರ್ಷಗಳಲ್ಲಿಯೇ ಅದರ ತಂತ್ರಾಂಶ ಹಳತಾಗಿ, 2018ರಲ್ಲಿ ಚಲನೆಯಿಲ್ಲದ ಸಂಗ್ರಹರೂಪಕ್ಕೆ ಇಳಿಯಬೇಕಾಯಿತು. 2023ರ ಅಕ್ಟೋಬರಿನಲ್ಲಿ ದುಷ್ಟರು ಬ್ರಿಟಿಷ್ ಗ್ರಂಥಾಲಯದ ಗಣಕಗಳ ಮೇಲೆ ಆಕ್ರಮಣ ನಡೆಸಿದಾಗ ಅಲ್ಲಿಯ ಅನೇಕ ಸೇವೆಗಳು ತಿಂಗಳುಗಟ್ಟಲೆ ಓದುಗರಿಗೆ ದೊರೆಯದಾದವು. ಆದ್ದರಿಂದ ಉಪಯುಕ್ತ ಪಾಠ ಸಿಕ್ಕಿದಾಗ, ತಾಣದವರ ಅನುಮತಿಯಿದ್ದಲ್ಲಿ, ಅದನ್ನು ಇಳಿಸಿಟ್ಟುಕೊಂಡು ಸಂಪಾದಕರ ಹೆಸರನ್ನೂ ನೋಡಿದ ದಿನಾಂಕವನ್ನೂ ಬರೆದಿಡುವುದು ಒಳ್ಳೆಯದು.

ಕನ್ನಡದ ವಿದ್ಯಾರ್ಥಿಗೆ ಇನ್ನೊಂದು ಬಾಗಿಲೂ ತೆರೆದಿದೆ. ಕುವೆಂಪು ಅವರು ‘ಹ್ಯಾಮ್ಲೆಟ್’ ನಾಟಕವನ್ನು ಬಿದನೂರಿನ ಸಂಸ್ಥಾನಕ್ಕೆ ಅಳವಡಿಸಿ ‘ರಕ್ತಾಕ್ಷಿ’ಯನ್ನು ರಚಿಸಿದರು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದರೆ ಮೂಲದ ಯಾವ ಅಂಶ ನಮ್ಮ ನೆಲದಲ್ಲಿ ಬೇರುಬಿಟ್ಟಿತು, ಯಾವುದು ಬಿಡಲಿಲ್ಲ ಎಂಬುದು ವಿಶದವಾಗುತ್ತದೆ. ನಮ್ಮ ದೇಶದಲ್ಲಿ ಲೇಖಕನು ತೀರಿಕೊಂಡ ಬಳಿಕ 60 ವರ್ಷ ಕೃತಿಸ್ವಾಮ್ಯವಿರುತ್ತದೆ. ಕುವೆಂಪು ಅವರು ನಿಧನರಾದುದು 1994ರಲ್ಲಿ. ಆದ್ದರಿಂದ ಇಂಥ ಕೃತಿಯನ್ನು ಕೊಂಡೋ ಗ್ರಂಥಾಲಯದಿಂದ ತಂದೋ ಓದುವುದೇ ಧರ್ಮ.

ಐದು ಪ್ರಶ್ನೆಗಳು

ಒಟ್ಟಿನಲ್ಲಿ ಯಾವ ತಾಣವನ್ನು ತೆರೆದರೂ ವಿದ್ಯಾರ್ಥಿಯು ಐದು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಪಾಠವನ್ನು ಸಂಪಾದಿಸಿದವರು ಯಾರು? ಯಾವ ಮೂಲ ಮುದ್ರಣವನ್ನು ಆಧರಿಸಿದ್ದಾರೆ? ತಿದ್ದಿದ ಕಡೆ ತಿದ್ದಿದೆನೆಂದು ಹೇಳಿದ್ದಾರೆಯೆ? ಸಾಲುಗಳಿಗೆ ಅಂಕಿಗಳಿವೆಯೆ? ಮೂಲ ಪುಟದ ಚಿತ್ರದೊಡನೆ ತಾಳೆ ನೋಡಲು ಅವಕಾಶವಿದೆಯೆ? ಐದಕ್ಕೂ ಉತ್ತರ ಕೊಡುವ ತಾಣವನ್ನು ನೆಚ್ಚಬಹುದು. ಮೊದಲನೆಯದಕ್ಕೇ ಮೌನ ತಾಳುವ ತಾಣದಲ್ಲಿ ಕಥೆಯ ಪರಿಚಯ ಮಾಡಿಕೊಳ್ಳಬಹುದೇ ಹೊರತು ಅದರ ಒಂದು ಪದದ ಮೇಲೆ ವಾದವನ್ನು ಕಟ್ಟಬಾರದು.

ಕೇಳಿದ ಪ್ರಶ್ನೆಗೆ ಕ್ಷಣಮಾತ್ರದಲ್ಲಿ ಉತ್ತರವನ್ನು ಹೆಣೆದುಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೂ ಈ ಪರೀಕ್ಷೆ ಅನ್ವಯಿಸುತ್ತದೆ. ಅವು ನಾಟಕದಲ್ಲಿ ಇಲ್ಲದ ಸಾಲನ್ನು ಇದೆಯೆಂದು ನಿಸ್ಸಂಕೋಚವಾಗಿ ಹೇಳಬಲ್ಲವು. ಅವು ಕೊಟ್ಟ ಉದ್ಧರಣೆಯನ್ನು ಸಂಪಾದಿತ ಪಾಠದಲ್ಲಿ ಸ್ವತಃ ಕಂಡ ಮೇಲೆಯೇ ಬಳಸತಕ್ಕದ್ದು.

ಮಲಿನವಲ್ಲದ ಮೀನನ್ನು ಮಲಿನವೆಂದು ಮೆಚ್ಚಿದ ವಿಮರ್ಶಕರಿಗೆ ಮೂಲ ಮುದ್ರಣವನ್ನು ತರಿಸಿ ನೋಡಲು ಸಾಕಷ್ಟು ಶ್ರಮ ಬೇಕಾಗುತ್ತಿತ್ತು. ಇಂದು ಹಳ್ಳಿಯ ಪ್ರೌಢಶಾಲೆಯ ವಿದ್ಯಾರ್ಥಿಯೂ ಅಂಗೈಯ ದೂರವಾಣಿಯಲ್ಲಿ 1623ರ ಪುಟವನ್ನು ತೆರೆದು, ಮುರಿದ ಮೊಳೆಯ ಗುರುತನ್ನು ಸಹ ಕಾಣಬಹುದು. ಹಿಂದೆ ಕೆಲವೇ ವಿದ್ವಾಂಸರಿಗಿದ್ದ ಈ ಭಾಗ್ಯ ನಮ್ಮೆಲ್ಲರಿಗೂ ಲಭಿಸಿದೆ. ಅದರೊಡನೆ ಅವರಿಗಿದ್ದ ಹೊಣೆಯೂ ನಮ್ಮದಾಗಿದೆ: ನಂಬುವ ಮುನ್ನ ತಾಳೆ ನೋಡುವ ಹೊಣೆ.